ಅಧ್ಯಕ್ಷರು ಕ್ಷಮಿಸಿದರೂ ರಾಜ್ಯದ ಕೇಸು ಉಳಿಯುತ್ತದೆ

ನಿಮ್ಮ ಲೇಖನದಲ್ಲಿ, ಅಮೆರಿಕದ ಅಧ್ಯಕ್ಷರು ಒಮ್ಮೆ ಕ್ಷಮಾದಾನ ಕೊಟ್ಟರೆ ಆ ವ್ಯಕ್ತಿಯನ್ನು ಯಾವ ಕೋರ್ಟೂ ಮುಟ್ಟುವಂತಿಲ್ಲ ಎಂದು ಬರೆದಿದ್ದೀರಿ. ಇದು ಸರಿಯಲ್ಲ. ಅಲ್ಲಿನ ಸಂವಿಧಾನ ಅಧ್ಯಕ್ಷರಿಗೆ ಈ ಅಧಿಕಾರ ಕೊಟ್ಟಿರುವುದು ಒಕ್ಕೂಟ ಸರ್ಕಾರದ ಕಾನೂನಿನ ಅಪರಾಧಗಳಿಗೆ ಮಾತ್ರ. ರಾಜ್ಯದ ಕಾನೂನು ಮುರಿದಿದ್ದರೆ ಅದಕ್ಕೆ ಕ್ಷಮೆ ಕೊಡಲು ಅವರಿಗೆ ಬರುವುದಿಲ್ಲ.

ಟ್ರಂಪ್ ಅವರ ಮಾಜಿ ಸಲಹೆಗಾರ ಸ್ಟೀವ್ ಬ್ಯಾನನ್ ವಿಷಯವನ್ನೇ ನೋಡಿ. ಮೆಕ್ಸಿಕೊ ಗಡಿಯಲ್ಲಿ ಗೋಡೆ ಕಟ್ಟಲು ಜನ ಕೊಟ್ಟ ದೇಣಿಗೆಯಲ್ಲಿ ವಂಚನೆ ಮಾಡಿದ ಆರೋಪ ಅವರ ಮೇಲಿತ್ತು. 2021ರ ಜನವರಿಯಲ್ಲಿ, ವಿಚಾರಣೆ ಶುರುವಾಗುವ ಮೊದಲೇ, ಟ್ರಂಪ್ ಕ್ಷಮಿಸಿದರು. ಅವರ ಮೇಲಿನ ಒಕ್ಕೂಟದ ಕೇಸು ಅಲ್ಲಿಗೆ ಮುಗಿಯಿತು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕಾನೂನಿನಡಿ ಅದೇ ವಿಷಯಕ್ಕೆ ಮತ್ತೆ ಕೇಸು ಬಿತ್ತು. 2025ರ ಫೆಬ್ರವರಿಯಲ್ಲಿ ಅವರು ತಪ್ಪೊಪ್ಪಿಕೊಂಡರು. ಜೈಲು ಶಿಕ್ಷೆ ಆಗಲಿಲ್ಲ, ನಿಜ. ಒಕ್ಕೂಟದ ಕೇಸಿನಲ್ಲಿ ಕ್ಷಮೆ ಸಿಗದ ಜೊತೆಗಾರರಿಗೆ ಮಾತ್ರ ಜೈಲಾಯಿತು. ನಂಬಿ ದುಡ್ಡು ಕೊಟ್ಟವರನ್ನು ನೆನೆದರೆ ನನಗೆ ತುಂಬಾ ಬೇಸರವಾಗುತ್ತದೆ.

ಒಂದೇ ತಪ್ಪಿಗೆ ಎರಡು ಸಲ ವಿಚಾರಣೆ ಮಾಡಬಹುದಾ ಅಂತ ಕೇಳುತ್ತೀರಿ, ಅಲ್ವಾ? ಒಕ್ಕೂಟ ಮತ್ತು ರಾಜ್ಯ ಬೇರೆ ಬೇರೆ ಸರ್ಕಾರಗಳು, ಹಾಗಾಗಿ ಮಾಡಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಮತ್ತೊಮ್ಮೆ ಹೇಳಿದೆ. ಆದರೆ ಕೆಲವು ರಾಜ್ಯಗಳು ಇಂಥ ಎರಡನೇ ವಿಚಾರಣೆಗೆ ತಡೆ ಹಾಕಿ ತಮ್ಮದೇ ಕಾನೂನಿನಿಂದ ಕೈ ಕಟ್ಟಿಕೊಂಡಿವೆ. ಟ್ರಂಪ್ ಕ್ಷಮಿಸಿದ್ದ, ಅವರ ಚುನಾವಣಾ ಪ್ರಚಾರದ ಮಾಜಿ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ಮೇಲೆ ನ್ಯೂಯಾರ್ಕ್‌ನಲ್ಲಿ ಹಾಕಿದ್ದ ಕೇಸು ಬಿದ್ದುಹೋಗಿದ್ದು ಹೀಗೇ, ಕ್ಷಮಾದಾನದಿಂದಲ್ಲ. ದಯವಿಟ್ಟು ಲೇಖನದ ಆ ಸಾಲನ್ನು ತಿದ್ದಿ.