ಇನ್ ಟೈಮ್ ಬರೆಯದ ರಾವಣ

ಹೋದ ವಾರ ವೈಟ್‌ಫೀಲ್ಡ್ ಕಡೆಯ ಒಂದು ಟೆಕ್ ಪಾರ್ಕಿಗೆ ಹೋಗಿದ್ದೆ. ಅಣ್ಣನ ಮಗ ಮನೆಯಲ್ಲೇ ಮರೆತಿದ್ದ ಊಟದ ಡಬ್ಬಿ ಕೊಡಬೇಕಿತ್ತು, ಅಷ್ಟೇ. ಗೇಟಿನಲ್ಲಿ ಸ್ಕೂಟರಿನ ಡಿಕ್ಕಿ ತೆಗೆಸಿದರು, ಡಬ್ಬಿ ಬಿಚ್ಚಿಸಿ ಚಿತ್ರಾನ್ನದೊಳಗೆ ಇಣುಕಿದರು, ಫೋನಿನ ಕ್ಯಾಮೆರಾಗೆ ಕೆಂಪು ಸ್ಟಿಕರ್ ಅಂಟಿಸಿದರು. "ಸರ್, ಪುಸ್ತಕದಾಗ ಬರೀರಿ. ಹಂಗ ಬಿಡಂಗಿಲ್ರಿ" ಎನ್ನುತ್ತ ಸೆಕ್ಯುರಿಟಿ ಹುಡುಗ ದಾರ ಕಟ್ಟಿದ ಪೆನ್ನು ಮುಂದೆ ಹಿಡಿದ. ನನಗೂ ರೇಗಿತ್ತು. ಹೆಸರು: ರಾವಣ. ಎಲ್ಲಿಂದ: ಲಂಕೆ. ಯಾರನ್ನು ನೋಡಬೇಕು: ಸೀತೆ. ಉದ್ದೇಶದ ಕಾಲಂನಲ್ಲಿ ಮೇಲಿನವರೆಲ್ಲ ಹಾಕಿದ್ದಂತೆ ಎರಡು ಗೀಟು. ಹುಡುಗ ಬೆರಳಿಟ್ಟು ಓದಿದ, ತಲೆ ಎತ್ತಿದ. "ಸರ್, ಇನ್ ಟೈಮ್ ಬರದಿಲ್ರಿ."

ಅವನನ್ನು ನೋಡಿ ನಗಬೇಡಿ. ಅಣುಬಾಂಬಿನ ಉಗ್ರಾಣ ಕಾಯುವವರೂ ಇವನ ಸೋದರರೇ. ಅಮೆರಿಕದ ಓಕ್ ರಿಡ್ಜ್‌ನಲ್ಲಿ ವೈ-12 ಅಂತ ಒಂದು ಸಂಕೀರ್ಣವಿದೆ. ಬಾಂಬ್ ದರ್ಜೆಯ ಯುರೇನಿಯಂ ಇಡುವ ಜಾಗ. 2012ರ ಜುಲೈ 28ರ ನಸುಕಿನಲ್ಲಿ 82 ವರ್ಷದ ಸನ್ಯಾಸಿನಿ ಮೇಗನ್ ರೈಸ್, ಇಬ್ಬರು ಸಂಗಡಿಗರ ಜೊತೆ ಕಟರ್ ಹಿಡಿದು ಬೇಲಿಯ ಮೇಲೆ ಬೇಲಿ ಕತ್ತರಿಸಿ, ಯುರೇನಿಯಂ ಕಟ್ಟಡದ ಗೋಡೆ ಮುಟ್ಟಿದರು. ಗೋಡೆಗೆ ಶಾಂತಿಮಂತ್ರ ಬರೆದರು, ರಕ್ತ ಚೆಲ್ಲಿದರು, ಸುತ್ತಿಗೆಯಿಂದ ಕುಟ್ಟಿದರು. ನಮ್ಮ ಕಡೆ ಆ ವಯಸ್ಸಿನ ಅಜ್ಜಿ ಬಿಎಂಟಿಸಿ ಬಸ್ಸಿನ ಮೆಟ್ಟಿಲು ಹತ್ತಿದರೇ ದೊಡ್ಡದು.

ಆ ಭಾಗದ ಕ್ಯಾಮೆರಾ ಕೆಟ್ಟು ಸುಮಾರು ಆರು ತಿಂಗಳಾಗಿತ್ತು. ಅಲಾರಂ ಕೂಗಿತು ನಿಜ, ಆದರೆ ಅದು ದಿನಾ ಸುಮ್ಮಸುಮ್ಮನೆ ಕೂಗುತ್ತಲೇ ಇತ್ತು. ಸುತ್ತಿಗೆ ಸದ್ದು ಕೇಳಿದ ಒಳಗಿನ ಕಾವಲಿನವರು 'ರಿಪೇರಿಯವರು ಬಂದಿರಬೇಕು' ಅಂದುಕೊಂಡರು. ಇದೊಂದಕ್ಕೆ ಮಾತ್ರ ಬೆಂಗಳೂರಿನವರು ಅವರನ್ನು ಬೈಯುವ ಹಾಗಿಲ್ಲ. ನಡುರಾತ್ರಿ ಮನೆ ಮುಂದೆ ಯಾರೋ ಡ್ರಿಲ್ ಇಟ್ಟು ರಸ್ತೆ ಒಡೆಯುತ್ತಿದ್ದರೆ, ಕೇಬಲಿನವರಿರಬೇಕು ಎಂದು ಮಗ್ಗುಲು ಬದಲಿಸುವ ಜನ ನಾವು. ಕೊನೆಗೆ ಬಂದ ಕಾವಲುಗಾರನಿಗೆ ಸನ್ಯಾಸಿನಿಯ ತಂಡ ಬ್ರೆಡ್ ಕೊಡಲು ಹೋಯಿತು. ಭದ್ರತೆಯ ತೂತು ತೋರಿಸಿದ್ದಕ್ಕೆ ಸಂಸದರೊಬ್ಬರು ಆಕೆಗೆ ಧನ್ಯವಾದ ಹೇಳಿದರು. ಕೋರ್ಟು 35 ತಿಂಗಳು ಜೈಲು ಕೊಟ್ಟಿತು. ಮೊದಲು ಸ್ಥಳಕ್ಕೆ ಬಂದ ಆ ಕಾವಲುಗಾರ ಕೆಲಸ ಕಳೆದುಕೊಂಡ.

ಅಮೆರಿಕದಲ್ಲೇ ಅಣುಬಾಂಬ್ ರೂಪಿಸುವ ಲಾಸ್ ಅಲಾಮೋಸ್ ಪ್ರಯೋಗಾಲಯದ ವರಸೆಯೇ ಬೇರೆ. 2000ದಲ್ಲಿ ಅಣುಗುಟ್ಟು ತುಂಬಿದ್ದ ಎರಡು ಹಾರ್ಡ್ ಡ್ರೈವ್ ಕಾಣೆಯಾಗಿ, ಜೆರಾಕ್ಸ್ ಮಷೀನಿನ ಹಿಂದೆ ಸಿಕ್ಕವು. 2004ರಲ್ಲಿ ಮತ್ತೆರಡು ಡಿಸ್ಕ್ ಕಾಣೆಯೆಂದು ಪ್ರಯೋಗಾಲಯದ ಕೆಲಸವನ್ನೇ ನಿಲ್ಲಿಸಿ ತಡಕಾಡಿದರು. ಕೊನೆಗೆ ನೋಡಿದರೆ ಆ ಡಿಸ್ಕುಗಳು ಇರಲೇ ಇಲ್ಲ, ಪಟ್ಟಿಗೆ ಬರೀ ಬಾರ್‌ಕೋಡ್ ಏರಿತ್ತು! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೆವು. ಹುಟ್ಟದ ಕೂಸು ಕಳೆದುಹೋಯಿತೆಂದು ಊರೆಲ್ಲ ಹುಡುಕಿಸಿದವರು ಇವರೇ ಮೊದಲು.

ನಮ್ಮಲ್ಲಿ ಇಷ್ಟು ಗಲಾಟೆ ಇಲ್ಲ. ನಮ್ಮಲ್ಲಿ ಕಾಯುವುದು ಅಣು ಸ್ಥಾವರವನ್ನಲ್ಲ, ನಮ್ಮ ಆತ್ಮವಿಶ್ವಾಸವನ್ನು. 2019ರ ಅಕ್ಟೋಬರ್ 29ರಂದು ಕೂಡಂಕುಳಂ ಸ್ಥಾವರದವರು ಸೈಬರ್ ದಾಳಿ ಸಾಧ್ಯವೇ ಇಲ್ಲ ಎಂದು ಹೇಳಿಕೆ ಕೊಟ್ಟರು. ಮಾರನೇ ದಿನ ಅಣು ವಿದ್ಯುತ್ ನಿಗಮ, ಆಡಳಿತ ಕೆಲಸದ ಒಂದು ಕಂಪ್ಯೂಟರಿನಲ್ಲಿ ಮಾಲ್‌ವೇರ್ ಸಿಕ್ಕಿದ್ದು ನಿಜ, ಸ್ಥಾವರಕ್ಕೇನೂ ಆಗಿಲ್ಲ ಎಂದಿತು. ಎರಡೂ ಹೇಳಿಕೆ ಓದಿ ನನ್ನ ಆತಂಕ ಎರಡೆರಡು ಸಲ ದೂರವಾಯಿತು. ನಮ್ಮದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಎಂಬ ವಿಕಿರಣ ವಸ್ತು ಬೆರೆತು, 50ಕ್ಕೂ ಹೆಚ್ಚು ನೌಕರರ ಮೈ ಸೇರಿತ್ತು. ಒಳಗಿನವರದೇ ಕೈವಾಡ ಎಂದು ಅನುಮಾನಪಟ್ಟರು. ಬೇಲಿ ಎದ್ದು ಹೊಲ ಮೇಯುವುದು ಹಳೇ ಗಾದೆ. ಇಲ್ಲಿ ಬೇಲಿಯ ಕೊರಳಲ್ಲಿ ಐಡಿ ಕಾರ್ಡೂ ಇತ್ತು. ಅಂಥವರ ಚಿತ್ರಾನ್ನದ ಡಬ್ಬಿ ಯಾವ ಗೇಟಿನಲ್ಲೂ ಬಿಚ್ಚಿಸುವುದಿಲ್ಲ.

ಡಬ್ಬಿ ಕೊಟ್ಟು, ಔಟ್ ಟೈಮ್ ಬರೆಯಲು ಗೇಟಿಗೆ ವಾಪಸ್ ಬಂದೆ. ಹುಡುಗ ಪುಸ್ತಕ ತಿರುಗಿಸಿ ಕೊಟ್ಟ. ನನ್ನ ನಂತರ ಒಂಬತ್ತು ಜನ ಒಳಗೆ ಹೋಗಿದ್ದರು. ಹೆಸರು ಬೇರೆಬೇರೆ ಇತ್ತು, ಇನ್ ಟೈಮ್ ಎಲ್ಲರದೂ ಕರಾರುವಾಕ್ಕು. 'ಎಲ್ಲಿಂದ' ಎಂಬಲ್ಲಿ ಮಾತ್ರ ಲಂಕೆಯ ಕೆಳಗೆ ಸಾಲಾಗಿ ಒಂಬತ್ತು ಗೀಟು.