ಬಾರದ ನೆಂಟನಿಗೆ 90 ಸೆಕೆಂಡು

ನಮ್ಮ ಮನೆಯ ಹಳೇ ಲ್ಯಾಪ್‌ಟಾಪ್ ಏಳಲು ಎರಡು ನಿಮಿಷ ತಗೊಳ್ಳುತ್ತಿತ್ತು. ಬಟನ್ ಒತ್ತಿ, ಹಾಲು ಕಾಯಿಸಿ, ಕಾಫಿ ಬೆರೆಸಿ ತಂದರೂ ಡೆಬಿಯನ್ (ಅದರಲ್ಲಿರುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಚಿತ್ರ ಅಲ್ಲೇ ನಿಂತಿರುತ್ತಿತ್ತು. "ಎಲ್ಲಾ ಸಿಸ್ಟಮ್‌ಡಿ ಕಿತಾಪತಿ. ಕಿತ್ತು ರನ್‌ಇಟ್ ಹಾಕು, ಬಾಣದ ಹಾಗೆ ಏಳುತ್ತೆ" ಎಂದ ಗೆಳೆಯ.

ಲಿನಕ್ಸ್‌ನಲ್ಲಿ ಅದರ ತಿರುಳಾದ ಕರ್ನಲ್ ಎದ್ದ ಮೇಲೆ ಮೊದಲು ಎಬ್ಬಿಸುವುದು ಇನಿಟ್ ಎಂಬ ಪ್ರೋಗ್ರಾಮನ್ನು. ಅದರ ನಂಬರೇ 1. ಉಳಿದವರನ್ನೆಲ್ಲ ಎಬ್ಬಿಸುವ ಕೆಲಸ ಅದರದ್ದು. ಸಿಸ್ಟಮ್‌ಡಿ, ರನ್‌ಇಟ್ ಎರಡೂ ಇದೇ ಕೆಲಸದವು. ಹಳೇ ಸಿಸ್‌ವಿ ಇನಿಟ್ ಅಂದರೆ ಒಬ್ಬನೇ ಬಡಿಸುವ ಮದುವೆ ಪಂಕ್ತಿ. ಉಪ್ಪು ಕೊನೇ ಎಲೆ ಮುಟ್ಟುವ ತನಕ ಕೋಸಂಬರಿ ಹೊರಡುವಂತಿಲ್ಲ. ಸ್ಕ್ರಿಪ್ಟುಗಳ ಹೆಸರಲ್ಲೇ ನಂಬರ್ ಇರುತ್ತಿತ್ತು, ಎಸ್10 ಆದ ಮೇಲೆ ಎಸ್20. 2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ತಂದರು. ಹತ್ತು ಜನ ಒಟ್ಟಿಗೆ ಬಡಿಸಲಿ, ಆದರೆ ಅನ್ನ ಬೀಳುವ ಮುಂಚೆ ಸಾರು ಬೇಡ. ಐಡಿಯಾ ಚೆನ್ನಾಗಿಯೇ ಇದೆ, ಅಲ್ವಾ? ಆದರೂ 2014ರಲ್ಲಿ ಡೆಬಿಯನ್ ಅದನ್ನು ಒಪ್ಪಿಕೊಂಡಾಗ ಕೆಲವರು ಮುನಿಸಿಕೊಂಡು ಬೇರೆ ಮನೆ ಮಾಡಿದರು, ಡೆವುವಾನ್ ಎಂದು ಹೆಸರಿಟ್ಟರು. ನನ್ನ ಗೆಳೆಯ ಆ ಪಾರ್ಟಿ.

ಭಾನುವಾರ ರಾತ್ರಿ ಸಿಸ್ಟಮ್‌ಡಿ ಕಿತ್ತು ರನ್‌ಇಟ್ ಹಾಕುವ ಕಮಾಂಡ್ ಕೊಟ್ಟೆ. ತೆಗೆದುಹಾಕುವ ಪ್ಯಾಕೇಜುಗಳ ಪಟ್ಟಿ ಪರದೆ ತುಂಬ ಬಂತು. ಓದಲಿಲ್ಲ. ಯಾರು ಓದುತ್ತಾರೆ? ಕೊನೆಗೆ "ಹೌದು, ನಾನು ಹೇಳಿದಂತೆ ಮಾಡು!" ಎಂದು ಪೂರ್ತಿ ವಾಕ್ಯ ಟೈಪ್ ಮಾಡಲು ಕೇಳಿತು. ಇಂಗ್ಲಿಷಿನಲ್ಲಿ, ಉದ್ಗಾರ ಚಿಹ್ನೆ ಸಮೇತ. ಮನೆಯಲ್ಲಿ ಈ ಮಾತು ಹೇಳುವ ಅವಕಾಶ ನನಗೆ ಇದುವರೆಗೆ ಸಿಕ್ಕಿರಲಿಲ್ಲ. ಖುಷಿಯಿಂದ ಟೈಪ್ ಮಾಡಿದೆ.

ರೀಸ್ಟಾರ್ಟ್. 14 ಸೆಕೆಂಡು! ಕುಣಿಯುವುದೊಂದು ಬಾಕಿ. ಆಮೇಲೆ ನೋಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಲಾಗಿನ್ ಎಂಬ ಒಂದೇ ಪದ. ನಾನು ಓದದ ಪಟ್ಟಿಯಲ್ಲಿ ಡೆಸ್ಕ್‌ಟಾಪೂ ಇತ್ತು, ವೈಫೈ ನೋಡಿಕೊಳ್ಳುವುದೂ ಇತ್ತು. ಬೇಗ ಏಳದೆ ಇನ್ನೇನು? ಎಬ್ಬಿಸೋಣ ಅಂದರೆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಬೆಳಿಗ್ಗೆ ಹೆಂಡತಿ ಬಂದು "ಫೋಟೋಗಳೆಲ್ಲಿ?" ಎಂದಳು.

"ಸ್ಪೀಡ್ ಜಾಸ್ತಿ ಮಾಡಿದ್ದೀನಿ" ಎಂದೆ.

ಕೇಬಲ್ ಸಿಕ್ಕಿಸಿ, ರೂಟರ್ ಪಕ್ಕ ನೆಲದ ಮೇಲೆ ಕೂತು, ಮಧ್ಯಾಹ್ನದ ತನಕ ಎಲ್ಲವನ್ನೂ ವಾಪಸ್ ಹಾಕಿದೆ. ಮತ್ತೆ ಅದೇ ಎರಡು ನಿಮಿಷ. ಬೇಜಾರಲ್ಲಿ ಸುಮ್ನೆ ಎಸ್ಕೇಪ್ ಕೀ ಒತ್ತಿದೆ. ಚಿತ್ರ ಸರಿದು ಹಿಂದಿನ ಸಾಲುಗಳು ಕಂಡವು. ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಲಾಡುತ್ತಿದ್ದವು. ಯಾವುದೋ ಡಿಸ್ಕಿಗೆ ಕಾಯುತ್ತಿದ್ದೇನೆ, ಗಡುವು 1 ನಿಮಿಷ 30 ಸೆಕೆಂಡು ಅನ್ನುತ್ತಿತ್ತು.

ಯಾವ ಡಿಸ್ಕು? ಯುಗಾದಿ ಹೊತ್ತಿಗೆ ಜಾಗ ಸಾಲದೆ ನಾನೇ ಅಳಿಸಿದ್ದ ಸ್ವಾಪ್ ಪಾರ್ಟಿಷನ್, ಅಂದರೆ ಮೆಮೊರಿ ಸಾಲದಾಗ ಬಳಸಲು ಡಿಸ್ಕಿನಲ್ಲಿ ಬಿಟ್ಟ ಜಾಗ! ಏಳುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಹೆಸರು ಹಾಗೇ ಇತ್ತು. ಪಾಪ ಸಿಸ್ಟಮ್‌ಡಿ, ಇಲ್ಲದ ನೆಂಟನಿಗೂ ಒಂದು ಎಲೆ ಹಾಕಿ, ಪಂಕ್ತಿ ತಡೆದು, ಪ್ರತಿ ಸಲವೂ 90 ಸೆಕೆಂಡು ಬಾಗಿಲು ನೋಡುತ್ತಿತ್ತು. ಇದನ್ನು ಗೆಳೆಯನಿಗೆ ಇನ್ನೂ ಹೇಳಿಲ್ಲ.

ಫೈಲಿನ ಆ ಸಾಲನ್ನು ಓದದೆ ಬಿಡಲಿ ಎಂದು ಅದರ ಮುಂದೆ ಒಂದು ಹ್ಯಾಷ್ (#) ಗುರುತು ಹಾಕಿದೆ. ಅಷ್ಟೇ. 28 ಸೆಕೆಂಡಿಗೆ ಇಳಿಯಿತು. ಹೆಂಡತಿಯನ್ನು ಕರೆದು, ಎರಡು ಸಲ ಆಫ್ ಮಾಡಿ ಆನ್ ಮಾಡಿ ತೋರಿಸಿದೆ.

"ನಾನು ಆಫ್ ಮಾಡೋದೇ ಇಲ್ವಲ್ಲ, ಮುಚ್ಚಿಡ್ತೀನಿ ಅಷ್ಟೇ" ಎಂದಳು.