ಸಿಟ್ಟು ನನ್ನದು, ಹೆಸರು ಅವರದು

ಇಂಗ್ಲಿಷ್ ಕಲಿಸುವವರು ಸಿಟ್ಟಿನ ಪದಗಳಿಗೆ ಒಂದು ಥರ್ಮಾಮೀಟರ್ ಬರೆದು ತೋರಿಸುತ್ತಾರೆ. ತಳದಲ್ಲಿ 'ಅನಾಯ್ಡ್', ಅದರ ಮೇಲೆ 'ಆಂಗ್ರಿ', ಆಮೇಲೆ 'ಫ್ಯೂರಿಯಸ್', ತುದಿಯಲ್ಲಿ 'ಎನ್‌ರೇಜ್ಡ್'. ಪರೀಕ್ಷೆಗೆ ಇಷ್ಟು ಸಾಕು ಬಿಡಿ. ಆದರೆ ಆ ಚಿತ್ರದಲ್ಲಿ ಅರ್ಧ ವಿಷಯವೇ ಇಲ್ಲ. ಈ ಪದಗಳು ಸಿಟ್ಟು ಎಷ್ಟಿದೆ ಅನ್ನುವುದಕ್ಕಿಂತ ಜಾಸ್ತಿ, ಆ ಸಿಟ್ಟಿನಲ್ಲಿ ನ್ಯಾಯ ಇದೆಯೋ ಇಲ್ಲವೋ ಅಂತ ತೀರ್ಪು ಕೊಡುತ್ತವೆ. ತೀರ್ಪು ಕೊಡುವವರು ಸಾಮಾನ್ಯವಾಗಿ ಎದುರಿನವರು.

'ಇಂಡಿಗ್ನೇಶನ್' ತಗೊಳ್ಳಿ. ಅದರ ಒಳಗಿರುವುದು ಲ್ಯಾಟಿನ್‌ನ 'ಡಿಗ್ನಸ್', ಅಂದರೆ ಯೋಗ್ಯ. ಹೀಗೆ ಆಗಬಾರದಿತ್ತು, ಇದು ಸರಿಯಲ್ಲ ಅಂತ ಬರುವ ಸಿಟ್ಟು ಅದು. ಆ ಹೆಸರು ಸಿಕ್ಕರೆ ಸಿಟ್ಟಾದವರು ಅರ್ಧ ಕೇಸು ಗೆದ್ದ ಹಾಗೆ. ಅದೇ ಸಿಟ್ಟನ್ನು 'ಟ್ಯಾಂಟ್ರಮ್' ಅಂದುಬಿಡಿ, ಕಥೆ ಮುಗಿಯಿತು. ನೆಲಕ್ಕೆ ಬಿದ್ದು ಕಾಲು ಬಡಿಯುವ ಮಗುವಿನ ರಂಪ ಅದು. ರಂಪಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ಸುಮ್ಮನಾಗಲಿ ಅಂತ ಕಾಯುತ್ತಾರೆ. 'ಪೀಕ್' ಅಂದರೆ ಅಹಂಗೆ ಚುಚ್ಚಿದಾಗ ಬರುವ ಮುನಿಸು. 'ರಾಥ್' ಅನ್ನುವ ಉಗ್ರ ಕೋಪ ಮಾತ್ರ ದೇವರಿಗೆ, ರಾಜರಿಗೆ ಮೀಸಲು. ಬಸ್ ತಪ್ಪಿದವರಿಗೆ ರಾಥ್ ಬರುವುದಿಲ್ಲ.

1948ರಲ್ಲಿ ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಬಿಬಿಸಿ ರೇಡಿಯೋದಲ್ಲಿ ಒಂದು ತಮಾಷೆ ಮಾಡಿದ್ದರು. ಮಕ್ಕಳು ಕ್ರಿಯಾಪದದ ರೂಪಗಳನ್ನು ಒಪ್ಪಿಸುವ ಧಾಟಿಯಲ್ಲಿ: ನಾನು ದೃಢ ಮನಸ್ಸಿನವನು, ನೀನು ಹಟಮಾರಿ, ಅವನು ಮೊಂಡ ಮೂರ್ಖ. ಆಮೇಲೆ 'ನ್ಯೂ ಸ್ಟೇಟ್ಸ್‌ಮನ್' ಪತ್ರಿಕೆ ಇಂಥವನ್ನು ಬರೆಯಲು ಓದುಗರಿಗೆ ಸ್ಪರ್ಧೆ ಇಟ್ಟಿತು. ಸಿಟ್ಟಿನದೂ ಒಂದು ಬಂತು: ನನ್ನದು ನ್ಯಾಯವಾದ ಇಂಡಿಗ್ನೇಶನ್, ನಿನಗೆ ಬರೀ ಕಿರಿಕಿರಿ, ಅವನದು ಏನೂ ಇಲ್ಲದ್ದಕ್ಕೆ ರಾದ್ಧಾಂತ. ಇಷ್ಟು ಚಿಕ್ಕದಾಗಿ ಇದನ್ನು ನನ್ನ ಕೈಯಲ್ಲಿ ಹೇಳಲು ಆಗುತ್ತಿರಲಿಲ್ಲ.

ಮೀಟಿಂಗ್‌ನಲ್ಲಿ ಗಂಡಸು ಮೇಜು ಗುದ್ದಿದರೆ ಅವನು 'ಪ್ಯಾಷನೇಟ್'. ಹೆಂಗಸು ದನಿ ಏರಿಸಿದರೆ 'ಹಿಸ್ಟೀರಿಕಲ್'. ಈ ಪದ ಹುಟ್ಟಿದ್ದು ಗರ್ಭಕೋಶಕ್ಕೆ ಗ್ರೀಕರು ಇಟ್ಟ ಹೆಸರಿನಿಂದ. ಅಂದರೆ ಅವಳು ಎತ್ತಿದ ಪ್ರಶ್ನೆಗೆ ಉತ್ತರ ಬೇಕಿಲ್ಲ, ದೋಷ ಅವಳ ಮೈಯಲ್ಲೇ ಇದೆ! 'ರೇಜ್' ಕೂಡ ಹೆಚ್ಚುಕಮ್ಮಿ ಹೀಗೇ. ಅದೂ 'ರೇಬೀಸ್' ಪದವೂ ಒಂದೇ ಲ್ಯಾಟಿನ್ ಬೇರಿನವು. ಹುಚ್ಚು ಹಿಡಿದದ್ದನ್ನು ಕಾರಣ ಕೇಳುವವರು ಯಾರು?

ನನಗೆ ತುಂಬಾ ಹಿಡಿಸಿದ್ದು, ಬೇಜಾರು ಮಾಡಿದ್ದೂ ಹೌದು, 'ರಿಸೆಂಟ್‌ಮೆಂಟ್'. ಮೂಲ ಫ್ರೆಂಚ್, ಮತ್ತೆ ಅನುಭವಿಸುವುದು ಅಂತ. ಆಡಿ ತೀರಿಸಿಕೊಳ್ಳಲಾಗದ ಸಿಟ್ಟು ಒಳಗೇ ಸುತ್ತು ಹೊಡೆಯುತ್ತಿರುತ್ತದೆ. ಯಜಮಾನನಿಗೆ ಬರುವುದು ಆಂಗರ್, ಆಳಿಗೆ ಉಳಿಯುವುದು ರಿಸೆಂಟ್‌ಮೆಂಟ್. ಥರ್ಮಾಮೀಟರ್‌ನಲ್ಲಿ ಇದನ್ನು ಎಲ್ಲಿ ಬರೀತೀರಿ?

'ಔಟ್‌ರೇಜ್' ಕಥೆ ಇನ್ನೂ ಮಜವಾಗಿದೆ. ಅದರಲ್ಲಿ 'ಔಟ್' ಇಲ್ಲ, 'ರೇಜ್' ಕೂಡ ಇಲ್ಲ. ಫ್ರೆಂಚ್‌ನಲ್ಲಿ ಮೇರೆ ಮೀರಿದ್ದು ಅನ್ನುವ ಪದಕ್ಕೆ ಒಂದು ಪ್ರತ್ಯಯ ಸೇರಿ ಆದದ್ದು. ಹಾಗಾಗಿ ಮೊದಲು ಅದು ಸಿಟ್ಟಿನ ಹೆಸರಲ್ಲ, ಸಿಟ್ಟು ಬರಿಸಿದ ಅತಿರೇಕದ ಹೆಸರು. ಅದನ್ನು ಕಂಡು ಕೆರಳಿದವರ ಸಿಟ್ಟಿಗೂ ಅದೇ ಹೆಸರಾದದ್ದು ಆಮೇಲೆ. ಈಗ ಯಾರೋ ಏನೋ ಮಾಡಿದರೆ ಜನರ 'ಔಟ್‌ರೇಜ್' ಸುದ್ದಿಯಾಗುತ್ತದೆ, ಮಾಡಿದವನು ಎರಡನೇ ಪ್ಯಾರಾಗೆ ಜಾರುತ್ತಾನೆ. ತಪ್ಪಿನ ಹೆಸರನ್ನೇ ತಂದು ಸಿಟ್ಟಾದವರ ಹಣೆಗೆ ಅಂಟಿಸಿದ ಹಾಗಾಯಿತು, ಅಲ್ವಾ?

ಈ ಕಲೆ ಚೆನ್ನಾಗಿ ಗೊತ್ತಿರುವುದು ಕಸ್ಟಮರ್ ಕೇರ್‌ನವರಿಗೆ. ಒಂದು ಕಂಪನಿ ಒಂದೇ ಬಿಲ್ಲಿಗೆ ನನ್ನ ಖಾತೆಯಿಂದ ಎರಡು ಸಲ ದುಡ್ಡು ಎಳೆದುಕೊಂಡಿತು. ಮೇಲ್‌ನಲ್ಲಿ 'ಐ ಆಮ್ ಆಂಗ್ರಿ' ಅಂತ ನೇರವಾಗಿ ಬರೆದೆ. 'ವಿ ಅಂಡರ್‌ಸ್ಟ್ಯಾಂಡ್ ಯುವರ್ ಫ್ರಸ್ಟ್ರೇಶನ್' ಅಂತ ಉತ್ತರ ಬಂತು. ಎಷ್ಟು ನಯ ನೋಡಿ! ಆಂಗರ್ ಒಬ್ಬರ ಮೇಲೆ ಬರುತ್ತದೆ, ಹಾಗಾಗಿ ಅದಕ್ಕೆ ಒಬ್ಬ ಆರೋಪಿ ಇರುತ್ತಾನೆ. ಫ್ರಸ್ಟ್ರೇಶನ್‌ಗೆ ಆರೋಪಿಯೇ ಬೇಡ. ಮಳೆ ಬಂದರೂ ಆಗುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ಆಗುತ್ತದೆ. ಒಂದು ಪದ ಬದಲಿಸಿ ಅವರು ಕಟಕಟೆಯಿಂದ ಇಳಿದು ನನ್ನ ಪಕ್ಕ ಬಂದು ನಿಂತು ಬೆನ್ನು ಸವರಿದರು.

ನಾನೂ ಬಿಡಲಿಲ್ಲ. ಇದು ಫ್ರಸ್ಟ್ರೇಶನ್ ಅಲ್ಲ, ಆಂಗರ್, ಅದೂ ನಿಮ್ಮ ಮೇಲೆ ಅಂತ ತಿರುಗಿ ಬರೆದೆ. 'ವಿ ಆರ್ ಸಾರಿ ದ್ಯಾಟ್ ಯು ಆರ್ ಅಪ್‌ಸೆಟ್' ಅಂತ ಬಂತು. ದುಡ್ಡು ಇನ್ನೂ ಬಂದಿಲ್ಲ.